ಥ್ಯಾಕರೆಯ ಊರು, ಬಾಳಪ್ಪನ ಊರು

1824ರ ಅಕ್ಟೋಬರ್ 23ರಂದು ಕಿತ್ತೂರು ಕೋಟೆಯೆದುರು ನಡೆದ ಕಾಳಗ ಬೆಳಗಾವಿ ಜಿಲ್ಲೆಯ ಸಾಲಿ ಹುಡುಗರಿಗೂ ಬಾಯಿಪಾಠ. ಧಾರವಾಡದ ಕಲೆಕ್ಟರ್ ಹಾಗೂ ಪೊಲಿಟಿಕಲ್ ಏಜೆಂಟ್ ಸೇಂಟ್ ಜಾನ್ ಥ್ಯಾಕರೆ ಅಂದು ಅಮಟೂರು ಬಾಳಪ್ಪನ ಗುಂಡಿಗೆ ಉರುಳಿದ. ಲಾವಣಿಯಲ್ಲಿ, ಕಂಪನಿ ನಾಟಕದಲ್ಲಿ, 1961ರ ‘ಕಿತ್ತೂರು ಚೆನ್ನಮ್ಮ’ ಸಿನಿಮಾದಲ್ಲಿ ಈ ಇಬ್ಬರ ಹೆಸರು ಜೋಡಿಯಾಗಿಯೇ ಉಳಿದು ಬಂದಿದೆ. ಹೊಡೆದವನ ಹೆಸರಿನ ಮುಂದಿರುವುದು ಬೈಲಹೊಂಗಲ ತಾಲೂಕಿನ ಒಂದು ಹಳ್ಳಿ. ಸತ್ತವನ ಹೆಸರಿನ ಹಿಂದಿರುವುದೂ ಒಂದು ಹಳ್ಳಿಯೇ. ಅದು ಇರುವುದು ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ. ಎರಡು ಊರುಗಳ ಹೆಸರು ಹೊತ್ತ ಇಬ್ಬರು ಮನುಷ್ಯರು ಒಂದು ಕೋಟೆ ಬಾಗಿಲಲ್ಲಿ ಎದುರಾದರು ಎಂದು ಈ ಕಥೆಯನ್ನು ಹೇಳಿದವರು ಕಡಿಮೆ.

ಥ್ಯಾಕರೆ ಎಂಬ ಅಡ್ಡಹೆಸರಿನ ಮೂಲ ಪಶ್ಚಿಮ ಯಾರ್ಕ್‌ಶೈರ್‌ನ ಗ್ರೇಟ್ ಟಿಂಬಲ್ ಎಂಬ ಸೀಮೆಯಲ್ಲಿದ್ದ ‘ಥ್ಯಾಕ್ರೇ’ ಎಂಬ ಸಣ್ಣ ವಸತಿ. ಆ ಭಾಗಕ್ಕೆ ಸಾವಿರ ವರ್ಷಗಳ ಹಿಂದೆ ಉತ್ತರದ ಸಮುದ್ರ ದಾಟಿ ಬಂದು ನೆಲೆಸಿದ ಸ್ಕ್ಯಾಂಡಿನೇವಿಯಾದ ಜನ ತಮ್ಮ ನುಡಿಯಲ್ಲಿ ಅದಕ್ಕೆ ಇಟ್ಟ ಹೆಸರಿನ ಅರ್ಥ, ಸೂರಿಗೆ ಹೊದಿಸುವ ಜೊಂಡು ಬೆಳೆಯುವ ಮೂಲೆ ಎಂದು. ಅರಮನೆಯಿಲ್ಲ, ಕೋಟೆಯಿಲ್ಲ, ಹೊಳೆಯ ಮಗ್ಗುಲಿನ ಜೊಂಡಿನ ಜಾಗ ಅಷ್ಟೆ. ಅಲ್ಲಿಂದ ಹೊರಬಿದ್ದ ಯಾರನ್ನೋ ಪಕ್ಕದೂರಿನವರು ‘ಥ್ಯಾಕ್ರೇದವ’ ಎಂದು ಕರೆದರು. ಮಕ್ಕಳು, ಮೊಮ್ಮಕ್ಕಳಿಗೂ ಅದೇ ಅಂಟಿಕೊಂಡಿತು.

ಆ ಊರನ್ನು ನೋಡಲು ಈಗ ಸಾಧ್ಯವಿಲ್ಲ. ಲೀಡ್ಸ್ ಪಟ್ಟಣಕ್ಕೆ ಕುಡಿಯುವ ನೀರು ಕೊಡಲು ಹತ್ತೊಂಬತ್ತನೇ ಶತಮಾನದಲ್ಲಿ ವಾಶ್‌ಬರ್ನ್ ಕಣಿವೆಯಲ್ಲಿ ಜಲಾಶಯಗಳನ್ನು ಕಟ್ಟಿದರು. ಫ್ಯೂಸ್ಟನ್ ಜಲಾಶಯದ ನೀರಿನಡಿ ಥ್ಯಾಕ್ರೇ ಮುಳುಗಿತು. ಊರು ಹೋಯಿತು, ಅಡ್ಡಹೆಸರು ಉಳಿಯಿತು. ಮಲಪ್ರಭೆಗೆ ನವಿಲುತೀರ್ಥದಲ್ಲಿ ಅಣೆಕಟ್ಟು ಕಟ್ಟಿದ ಮೇಲೆ ರೇಣುಕಾ ಸಾಗರದ ಹಿನ್ನೀರಿನಲ್ಲಿ ಮನೆ, ಹೊಲ, ಗುಡಿ ಬಿಟ್ಟು ಬಂದ ಸವದತ್ತಿ ಸೀಮೆಯ ಕುಟುಂಬಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಊರು ಮುಳುಗಿದ ಮೇಲೆ ಅದರ ಹೆಸರು ಎಲ್ಲಿ ಬದುಕುತ್ತದೆ ಎಂದರೆ, ಪಡಿತರ ಚೀಟಿಯಲ್ಲಿ ಮತ್ತು ಮತದಾರರ ಪಟ್ಟಿಯಲ್ಲಿ.

ಕಿತ್ತೂರಿನಲ್ಲಿ ಸತ್ತ ಥ್ಯಾಕರೆಯ ಪೂರ್ವಿಕರು ಅದೇ ಯಾರ್ಕ್‌ಶೈರ್‌ನ ಹ್ಯಾಂಪ್ಸ್‌ತ್ವೇಟ್ ಎಂಬ ಹಳ್ಳಿಯವರು. ಅಲ್ಲಿ ಹುಟ್ಟಿದ ಥಾಮಸ್ ಥ್ಯಾಕರೆ 1746ರಲ್ಲಿ ಹ್ಯಾರೋ ಶಾಲೆಯ ಮುಖ್ಯ ಗುರುವಾದ. ಅವನ ಮಗ ವಿಲಿಯಂ ಮೇಕ್‌ಪೀಸ್ ಥ್ಯಾಕರೆ ಈಸ್ಟ್ ಇಂಡಿಯಾ ಕಂಪನಿಯ ನೌಕರಿ ಹಿಡಿದು ಬಂಗಾಳಕ್ಕೆ ಬಂದು, ಸಿಲ್ಹೆಟ್ ಕಡೆ ಅಧಿಕಾರ ನಡೆಸುತ್ತ, ಕಂಪನಿಗೆ ಆನೆ ಹಿಡಿಸಿ ಮಾರಿ ದುಡ್ಡು ಮಾಡಿದ. ಅವನ ಗಂಡು ಮಕ್ಕಳಲ್ಲಿ ಹೆಚ್ಚಿನವರು ಭಾರತಕ್ಕೇ ಬಂದರು. ಒಬ್ಬ ರಿಚ್ಮಂಡ್, ಕಲ್ಕತ್ತೆಯಲ್ಲಿ ಅಧಿಕಾರಿ. ಇನ್ನೊಬ್ಬ ವಿಲಿಯಂ ಮದರಾಸಿನ ಕಡೆ ನೌಕರಿ ಮಾಡಿ, ಬಳ್ಳಾರಿ ಸೀಮೆಯೂ ಸೇರಿದ್ದ ಪ್ರಾಂತದಲ್ಲಿ ಥಾಮಸ್ ಮನ್ರೋನ ಕೈಕೆಳಗೆ ಕಂದಾಯದ ಕೆಲಸ ಕಲಿತ. ಮತ್ತೊಬ್ಬನೇ ಸೇಂಟ್ ಜಾನ್. ಕಲ್ಕತ್ತೆಯ ರಿಚ್ಮಂಡನಿಗೆ 1811ರಲ್ಲಿ ಒಬ್ಬ ಮಗ ಹುಟ್ಟಿದ. ಅಜ್ಜನ ಪೂರಾ ಹೆಸರನ್ನೇ ಮೊಮ್ಮಗನಿಗೂ ಇಟ್ಟರು. ಮುಂದೆ ‘ವ್ಯಾನಿಟಿ ಫೇರ್’ ಬರೆದು ಜಗತ್ತಿಗೆಲ್ಲ ಹೆಸರಾದ ಕಾದಂಬರಿಕಾರ ಈತನೇ. ಕಿತ್ತೂರಿನಲ್ಲಿ ಬಿದ್ದವ ಅವನ ಖಾಸಾ ಕಾಕಾ.

ಇಷ್ಟು ದೊಡ್ಡ ಹೆಸರಾದರೂ ಥ್ಯಾಕರೆಗಳ ಸಂಖ್ಯೆ ದೊಡ್ಡದಲ್ಲ. ಇಂಗ್ಲೆಂಡಿನಲ್ಲಿ ಈ ಅಡ್ಡಹೆಸರಿನವರು ಗುಂಪಾಗಿ ಸಿಗುವುದು ಇಂದಿಗೂ ಲೀಡ್ಸ್ ಸುತ್ತಿನ ಯಾರ್ಕ್‌ಶೈರ್‌ನಲ್ಲೇ. ಬರೆಯುವ ರೀತಿ ಮಾತ್ರ ಹಲವು: ಥ್ಯಾಕರೆ, ಥ್ಯಾಕ್ರೇ, ಥ್ಯಾಕ್ರಾ. ಲೀಡ್ಸ್‌ನ ಹೆಸರಾಂತ ವೈದ್ಯಕೀಯ ವಸ್ತುಸಂಗ್ರಹಾಲಯ ಥ್ಯಾಕ್ರೇ ಎಂಬ ಮನೆತನದ ಹೆಸರಿನಲ್ಲಿದೆ. ಆ ಮನೆತನ ಶಸ್ತ್ರಚಿಕಿತ್ಸೆಯ ಸಾಮಾನು ಮಾಡುತ್ತಿತ್ತು. ಕೂಲಿಕಾರರಿಗೆ ಅವರ ಕೆಲಸದಿಂದಲೇ ಬರುವ ರೋಗಗಳ ಬಗ್ಗೆ ಇಂಗ್ಲೆಂಡಿನಲ್ಲಿ ಮೊದಮೊದಲು ಬರೆದ ವೈದ್ಯರಲ್ಲಿ ಒಬ್ಬ, ಲೀಡ್ಸ್‌ನ ಚಾರ್ಲ್ಸ್ ಟರ್ನರ್ ಥ್ಯಾಕ್ರಾ. ಎಲ್ಲ ಕವಲುಗಳೂ ತಿರುಗಿ ಹೋಗುವುದು ಅದೇ ಜೊಂಡಿನ ಮೂಲೆಗೆ. ಒಂದೇ ಊರಿನಿಂದ ಹೊರಟ ಹೆಸರು ಹೀಗೆಯೇ ಇರುತ್ತದೆ: ಜನ ಕಡಿಮೆ, ಆದರೆ ಯಾರು ಎಲ್ಲಿಯವರು ಎಂದು ಖಚಿತವಾಗಿ ಹೇಳಬಹುದು.

ಈಗ ಅಮಟೂರು ಬಾಳಪ್ಪನ ನಾಡಿನ ಕಡೆಗೆ ಬರೋಣ. ಸವದತ್ತಿ, ಬೈಲಹೊಂಗಲ, ಕಿತ್ತೂರು, ರಾಮದುರ್ಗಗಳ ನಾಡಿನಲ್ಲಿ ಹೊಸಬ ಸಿಕ್ಕರೆ ಕೇಳುವ ಮೊದಲ ಪ್ರಶ್ನೆ ‘ಯಾವೂರಾವ್ರಿ?’ ಎಂದು, ಎರಡನೆಯದು ‘ಅಡ್ಡೆಸ್ರೇನ್ರಿ?’ ಎಂದು. ಬಹಳ ಸಲ ಎರಡಕ್ಕೂ ಉತ್ತರ ಊರಿನ ಹೆಸರೇ, ಆದರೆ ಬೇರೆ ಬೇರೆ ಊರು. ಇದರ ಹಿಂದೊಂದು ಸರಳ ನಿಯಮವಿದೆ. ಮುನವಳ್ಳಿಯಲ್ಲಿ ಇರುವವನನ್ನು ಮುನವಳ್ಳಿ ಎಂದು ಯಾರೂ ಕರೆಯುವುದಿಲ್ಲ, ಅಲ್ಲಿ ಇರುವವರೆಲ್ಲ ಮುನವಳ್ಳಿಯವರೇ. ಅವನು ಊರು ಬಿಟ್ಟು ಗೋಕಾಕಕ್ಕೋ ಹುಬ್ಬಳ್ಳಿಗೋ ಹೋಗಿ ಅಂಗಡಿ ಇಟ್ಟ ಮೇಲೆಯೇ ‘ಮುನವಳ್ಳಿಯವರು’ ಆಗುತ್ತಾನೆ. ಸಂಪಗಾವಿ, ಯರಗಟ್ಟಿ, ಬೆಳವಡಿ, ಕಿತ್ತೂರ ಎಂಬ ಅಡ್ಡಹೆಸರುಗಳೆಲ್ಲ ಹುಟ್ಟಿದ್ದು ಆಯಾ ಊರಿನ ಹೊರಗೆ. ಎಂದೋ ಒಬ್ಬ ಹಿರಿಯ ಗಂಟುಮೂಟೆ ಕಟ್ಟಿಕೊಂಡು ಹೊರಟ ದಿನವನ್ನು ಆ ಮನೆತನ ಹೆಸರಿನಲ್ಲಿ ಹೊತ್ತು ತಿರುಗುತ್ತಿದೆ. ಬರಗಾಲವೋ, ದಂಡಿನ ಹಾವಳಿಯೋ, ಪಾಲಿನ ಜಗಳವೋ, ಹೆಣ್ಣಿನ ಮನೆಯ ಆಸ್ತಿಯೋ, ಕಾರಣ ಮರೆತುಹೋಗಿರಬಹುದು. ಹೊರಟ ಜಾಗ ಮಾತ್ರ ನೆನಪಿದೆ.

ಇದು ಕಣ್ಣೆದುರೇ ನಡೆದದ್ದನ್ನು ನೋಡಬೇಕಾದರೆ ಏಣಗಿ ಬಾಳಪ್ಪನವರ ಬದುಕನ್ನು ನೋಡಬೇಕು. 1914ರಲ್ಲಿ ಸವದತ್ತಿ ತಾಲೂಕಿನ ಏಣಗಿಯಲ್ಲಿ ಹುಟ್ಟಿದ ಅವರು ರಂಗಭೂಮಿಗೆ ಇಳಿದು, ‘ಜಗಜ್ಯೋತಿ ಬಸವೇಶ್ವರ’ ನಾಟಕದ ಬಸವಣ್ಣನಾಗಿ ಮನೆಮಾತಾದರು. 2017ರಲ್ಲಿ, ನೂರು ದಾಟಿದ ಮೇಲೆ, ತೀರಿಕೊಂಡರು. ಊರೂರು ತಿರುಗುವ ನಾಟಕ ಕಂಪನಿಯಲ್ಲಿ ಇನ್ನೊಬ್ಬ ಬಾಳಪ್ಪನಿಂದ ಬೇರೆ ಮಾಡಿ ಗುರುತಿಸಲು ಊರಿನ ಹೆಸರೇ ಬೇಕಾಯಿತು. ಮಗನೂ ನಟನಾದಾಗ ಜನ ಅವರನ್ನು ಏಣಗಿ ನಟರಾಜ ಎಂದೇ ಗುರುತಿಸಿದರು. ಒಂದೇ ತಲೆಮಾರಿನಲ್ಲಿ ಊರು ಮನೆತನವಾಯಿತು. ಏಳು ನೂರು ವರ್ಷದ ಹಿಂದೆ ಯಾರ್ಕ್‌ಶೈರ್‌ನಲ್ಲಿ ನಡೆದದ್ದೂ ಇಷ್ಟೇ.

ಹೀಗೆ ಹೊರಟ ಹೆಸರುಗಳು ದೂರ ಹೋಗಿವೆ. 1980ರ ದಶಕದಲ್ಲಿ ಬೆಂಗಳೂರಿನ ಬೀದಿಗಳುದ್ದಕ್ಕೂ ಲಕ್ಷಗಟ್ಟಲೆ ಸಸಿ ನೆಡಿಸಿದ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಹೊತ್ತಿದ್ದು ಬೈಲಹೊಂಗಲ ಸೀಮೆಯ ಒಂದು ಊರಿನ ಹೆಸರನ್ನು. ಕನ್ನಡ ಭಾಷಾವಿದ್ವಾಂಸ ಸಂಗಮೇಶ ಸವದತ್ತಿಮಠ ಅವರ ಹೆಸರಿನಲ್ಲಿ ಊರಿನ ಜೊತೆ ಮಠವೂ ಸೇರಿದೆ. ಕೌಜಲಗಿ ಎಂಬುದು ಗೋಕಾಕ ಸೀಮೆಯ ಊರು. ಸ್ವಾತಂತ್ರ್ಯ ಹೋರಾಟದಲ್ಲಿ ಅದು ಕೌಜಲಗಿ ಹನುಮಂತರಾಯರ ಹೆಸರಿನ ಮುಂದೆ ನಿಂತಿತು, ಈಗ ಬೈಲಹೊಂಗಲದ ರಾಜಕೀಯದಲ್ಲಿ ಒಂದು ಮನೆತನದ ಹೆಸರಿನ ಕೊನೆಗೆ ನಿಂತಿದೆ. ಮುಂದೆ ಇಟ್ಟರೆ ಹಳೆಯ ರೂಢಿ, ಹಿಂದೆ ಇಟ್ಟರೆ ಹೊಸ ರೂಢಿ. ಮರಾಠಿಯ ಸೆಳೆತವಿರುವ ಕಡೆ ಇದೇ ಊರುಗಳಿಗೆ ‘ಕರ’ ಸೇರುತ್ತದೆ. ಕನ್ನಡದ ಬೆಳಗಾವಿ ಅಲ್ಲಿ ಬೆಳಗಾಂವಕರ, ಇಲ್ಲಿಯ ಸವದತ್ತಿ ಅಲ್ಲಿ ಸವದತ್ತಿಕರ. ಆದರೆ ಇದರಿಂದ ಮನೆಮಾತು ಯಾವುದೆಂದು ತೀರ್ಪು ಕೊಡಹೊರಟರೆ ಮೋಸಹೋಗುತ್ತೇವೆ. ‘ಕರ’ ಇಟ್ಟುಕೊಂಡು ಅಚ್ಚ ಕನ್ನಡ ಮಾತಾಡುವ ಮನೆತನಗಳು ಗಡಿಯುದ್ದಕ್ಕೂ ಇವೆ. ಜಾತಿ, ಧರ್ಮದ ಲೆಕ್ಕವೂ ಹಾಗೆಯೇ. ಊರಿನ ಹೆಸರಿಗೆ ಜಾತಿಯಿಲ್ಲ. ಒಂದೇ ಊರಿನಿಂದ ಹೊರಟ ಲಿಂಗಾಯತ, ಮುಸ್ಲಿಂ, ಜೈನ, ಮರಾಠ ಕುಟುಂಬಗಳು ಒಂದೇ ಅಡ್ಡಹೆಸರಿನಲ್ಲಿ ಬದುಕುತ್ತಿವೆ.

ಅಡ್ಡಹೆಸರು ಬೇಕೆನಿಸಿದ್ದಾದರೂ ಏಕೆ? ಎಲ್ಲಮ್ಮನ ಗುಡ್ಡದ ಸುತ್ತಲಿನ ಯಾವ ಹಳ್ಳಿಯಲ್ಲಾದರೂ ನಿಂತು ‘ಯಲ್ಲಪ್ಪಾ’ ಎಂದು ಕೂಗಿದರೆ ಉತ್ತರ ಸಿಗುತ್ತದೆ. ಮನೆಮನೆಗೂ ಒಬ್ಬ ಯಲ್ಲಪ್ಪ, ಒಬ್ಬಳು ಯಲ್ಲವ್ವ. ಅವರಿಲ್ಲದ ಮನೆಯಲ್ಲಿ ಬಸಪ್ಪ, ಮಲ್ಲಪ್ಪ, ಈರಪ್ಪ. ದೇವರ ಹೆಸರನ್ನೇ ಇಡುವ, ಅಜ್ಜ ಸತ್ತರೆ ಮೊಮ್ಮಗನಿಗೆ ಅದೇ ಹೆಸರು ಬರುವ ನಾಡಿನಲ್ಲಿ ಹೆಸರುಗಳ ಕಣಜ ದೊಡ್ಡದಾಗಿರುವುದಿಲ್ಲ. ಸಾಲ ಕೊಟ್ಟ ಯಲ್ಲಪ್ಪ ಯಾರು, ಸಾಲ ತೊಗೊಂಡ ಯಲ್ಲಪ್ಪ ಯಾರು ಎಂದು ಗೊತ್ತಾಗಲು ಇನ್ನೊಂದು ಗುರುತು ಬೇಕೇ ಬೇಕು. ನಾರ್ಮನ್ನರು 1066ರಲ್ಲಿ ಗೆದ್ದ ಮೇಲೆ ಇಂಗ್ಲೆಂಡಿನಲ್ಲೂ ಇದೇ ಆಯಿತು. ಹಳೆಯ ತರಹೇವಾರಿ ಹೆಸರುಗಳು ಬಿದ್ದುಹೋಗಿ ಜಾನ್, ವಿಲಿಯಂ, ರಾಬರ್ಟ್, ರಿಚರ್ಡ್, ಥಾಮಸ್ ಎಂಬ ಬೆರಳೆಣಿಕೆಯ ಹೆಸರುಗಳು ಊರು ತುಂಬಿದವು. ಭೂಮಿಯ ಕಾಗದ, ತೆರಿಗೆಯ ಪಟ್ಟಿ ಬರೆಯುವವರು ತಡಕಾಡಿದರು. 1400ರ ಹೊತ್ತಿಗೆ ಅಲ್ಲಿಯ ಬಹುಪಾಲು ಕುಟುಂಬಗಳಿಗೆ ತಂದೆಯಿಂದ ಮಕ್ಕಳಿಗೆ ಇಳಿಯುವ ಅಡ್ಡಹೆಸರು ಬಂದಿತ್ತು.

ಕಿತ್ತೂರಿನ ಅಂದಿನ ಕಾಳಗದಲ್ಲಿ ಸೆರೆಸಿಕ್ಕ ಇಬ್ಬರು ಬ್ರಿಟಿಷ್ ಅಧಿಕಾರಿಗಳು ಎಲಿಯಟ್ ಮತ್ತು ಸ್ಟೀವನ್ಸನ್. ಸ್ಟೀವನ್ಸನ್ ಎಂದರೆ ಸ್ಟೀವನ್ನನ ಮಗ. ನಮ್ಮ ಕಡೆ ಕಾಶಪ್ಪನವರ, ಬಸಪ್ಪನವರ ಎನ್ನುವುದೂ ಇದೇ ಜಾತಿಯ ಹೆಸರು. ಒಬ್ಬ ಹಿರಿಯನ ಹೆಸರಿಗೆ ‘ನವರ’ ಸೇರಿದರೆ ಇಡೀ ವಂಶ ಅವನದಾಗುತ್ತದೆ. ಗಂಡ ಬೇಗ ತೀರಿಕೊಂಡು ಹೆಂಡತಿಯೇ ನಿಂತು ಮನೆ ನಡೆಸಿದ ಕಡೆ ಅವಳ ಹೆಸರಿಗೂ ‘ನವರ’ ಸೇರಿ ಮನೆತನವಾಗಿದೆ. ಎಲಿಯಟ್ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಸ್ಕಾಟ್ಲೆಂಡಿನ ಗಡಿಸೀಮೆಯ ಮನೆತನದ ಈ ವಾಲ್ಟರ್ ಎಲಿಯಟ್ ಆಗ ಇಪ್ಪತ್ತೊಂದರ ತರುಣ. ಕಿತ್ತೂರಿನ ಸೆರೆಯಿಂದ ಜೀವಂತ ಹೊರಬಂದ ಮೇಲೆ ಅವನು ಕರ್ನಾಟಕದ ಶಾಸನಗಳ ಬೆನ್ನು ಹತ್ತಿದ. ಹಳ್ಳಿಹಳ್ಳಿಯ ಕಲ್ಲುಗಳಿಂದ ನೂರಾರು ಶಾಸನಗಳ ಪಾಠ ಬರೆಸಿದ. ಚಾಲುಕ್ಯರ ಇತಿಹಾಸಕ್ಕೆ ಅಡಿಪಾಯ ಹಾಕಿದವರಲ್ಲಿ ಅವನೂ ಒಬ್ಬ. ಕೋಟೆಯೊಳಗಿನ ಜನ ಅವನನ್ನು ಕೊಲ್ಲದೆ ಕಾಪಾಡಿದ್ದರಿಂದ ಕನ್ನಡಕ್ಕೆ ಆದ ಲಾಭ ಸಣ್ಣದಲ್ಲ.

ಅಂದು ಸತ್ತವರಲ್ಲಿ ಬ್ಲ್ಯಾಕ್ ಎಂಬ ಕ್ಯಾಪ್ಟನ್ ಇದ್ದ. ಅವನ ಅಡ್ಡಹೆಸರು ಯಾರದೋ ಮೈಬಣ್ಣ, ಕೂದಲಬಣ್ಣದಿಂದ ಬಂದದ್ದು. ಆದರೆ ಹಳೆಯ ಇಂಗ್ಲಿಷಿನಲ್ಲಿ ಕಪ್ಪಿಗೂ ಬಿಳಿಚಿದ್ದಕ್ಕೂ ಹೆಚ್ಚುಕಡಿಮೆ ಒಂದೇ ಉಚ್ಚಾರವಿದ್ದುದರಿಂದ, ಮೂಲಪುರುಷ ಕರಿಯನೋ ಬಿಳಿಯನೋ ಎಂದು ಆ ಮನೆತನದವರಿಗೇ ತೀರ್ಮಾನಿಸಲು ಬರುವುದಿಲ್ಲ. ಇತ್ತ ಕಿತ್ತೂರಿನ ಬಂಟ ಸಂಗೊಳ್ಳಿ ರಾಯಣ್ಣನ ಸಂಗಡಿಗರಲ್ಲಿ ಬಿಚ್ಚುಗತ್ತಿ ಚನ್ನಬಸಪ್ಪನಿದ್ದ. ಒರೆಯಿಂದ ಹಿರಿದ ಕತ್ತಿಯನ್ನು ಹೆಸರಿಗೇ ಕಟ್ಟಿಕೊಂಡವನ ಪರಾಕ್ರಮಕ್ಕೆ ಬೇರೆ ವಿವರಣೆ ಬೇಕಿಲ್ಲ.

ಪರಾಕ್ರಮದ ಹೆಸರುಗಳಿಗಿಂತ ಈ ಭಾಗದಲ್ಲಿ ಸಂತೆಯ ಹೆಸರುಗಳೇ ಹೆಚ್ಚು. ಉಳ್ಳಾಗಡ್ಡಿ, ಮೆಣಸಿನಕಾಯಿ, ಬೆಲ್ಲದ, ತುಪ್ಪದ, ಅಕ್ಕಿ, ಸಕ್ಕರಿ, ಅಂಗಡಿ. ದಕ್ಷಿಣದಿಂದ ಬಂದವರು ಈ ಹೆಸರು ಕೇಳಿ ಬೆರಗಾಗುತ್ತಾರೆ, ಇಲ್ಲಿಯವರಿಗೆ ಅದು ತಾತ ಮಾಡಿದ ವ್ಯಾಪಾರದ ನೆನಪು. ಆದರೂ ಎಲ್ಲ ಹೆಸರನ್ನೂ ಮೇಲ್ನೋಟಕ್ಕೇ ನಂಬುವುದು ಅಪಾಯ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಸಂಪಾದಕರಲ್ಲಿ ಒಬ್ಬರಾಗಿದ್ದ ಸಿ.ಟಿ. ಅನಿಯನ್ಸ್ ಅವರ ಅಡ್ಡಹೆಸರು ಬರಹದಲ್ಲಿ ಥೇಟ್ ನಮ್ಮ ಉಳ್ಳಾಗಡ್ಡಿಯೇ. ಆದರೆ ಆ ಹೆಸರು ಬಹುಮಟ್ಟಿಗೆ ಬಂದಿರುವುದು ವೇಲ್ಸ್ ಭಾಷೆಯ ‘ಐನಿಯನ್’ ಎಂಬ ಮನುಷ್ಯನ ಹೆಸರಿನಿಂದ. ಹೊಲದ ಗಡ್ಡೆಗೂ ಅದಕ್ಕೂ ಸಂಬಂಧ ಕಡಿಮೆ. ನಮ್ಮಲ್ಲಿಯೂ ಎಷ್ಟೋ ಅಡ್ಡಹೆಸರುಗಳಿಗೆ ಕಟ್ಟೆಯ ಮೇಲೆ ಕೂತವರು ಸ್ವಾರಸ್ಯದ ಕಥೆ ಹೇಳುತ್ತಾರೆ. ಕಥೆ ಚೆನ್ನಾಗಿದೆ ಎಂಬುದು ಅದು ನಿಜ ಎಂಬುದಕ್ಕೆ ಸಾಕ್ಷಿಯಲ್ಲ. ಮನೆಯ ಜಾಗದಿಂದ ಬಂದ ಹೆಸರುಗಳ ವಿಷಯದಲ್ಲಿ ಈ ಗೊಂದಲವಿಲ್ಲ. ಹೊಸಮನಿ, ಹಳೇಮನಿ, ದೊಡ್ಡಮನಿ, ಮೂಲಿಮನಿ, ಅಗಸಿಮನಿ: ಊರಿನ ನಕಾಶೆ ಅಡ್ಡಹೆಸರಿನಲ್ಲೇ ಇದೆ. ಇಂಗ್ಲಿಷರ ನ್ಯೂಹೌಸ್ ಕೂಡ ಹೊಸಮನಿಯೇ, ಟೌನ್‌ಸೆಂಡ್ ಎಂದರೆ ಊರ ಕೊನೆಯ ಮನೆಯವ.

ಹುದ್ದೆಯಿಂದ ಬಂದ ಹೆಸರುಗಳ ಕಥೆ ಇವೆಲ್ಲಕ್ಕಿಂತ ಭಾರವಾದದ್ದು. ಕಿತ್ತೂರಿನ ಯುದ್ಧಕ್ಕೆ ಕಾರಣವೇ ಅಂಥ ಒಂದು ಹೆಸರು. 1585ರ ಸುಮಾರಿಗೆ ಈ ಸಂಸ್ಥಾನದ ಬೀಜ ನೆಟ್ಟ ಅಣ್ಣತಮ್ಮಂದಿರು ಹಿರೇಮಲ್ಲಶೆಟ್ಟಿ, ಚಿಕ್ಕಮಲ್ಲಶೆಟ್ಟಿ. ಮುಂದೆ ಸಂಪಗಾವಿಯಿಂದ ಕಿತ್ತೂರಿಗೆ ರಾಜಧಾನಿ ತಂದವನು ಅಲ್ಲಪ್ಪಗೌಡ ಸರದೇಸಾಯಿ. ಕಿತ್ತೂರಿನ ರಾಣಿ ಚೆನ್ನಮ್ಮನ ಗಂಡ ಮಲ್ಲಸರ್ಜ ದೇಸಾಯಿ. ಒಂದೇ ವಂಶ ಶೆಟ್ಟಿಯಾಗಿ, ಗೌಡನಾಗಿ, ದೇಸಾಯಿಯಾಗಿ ಹೆಸರು ಬದಲಿಸಿಕೊಂಡದ್ದರಲ್ಲೇ ವ್ಯಾಪಾರದಿಂದ ಆಳ್ವಿಕೆಯವರೆಗಿನ ಅದರ ಏರುದಾರಿ ಕಾಣುತ್ತದೆ. 1824ರ ಸೆಪ್ಟೆಂಬರಿನಲ್ಲಿ ಮಲ್ಲಸರ್ಜನ ಮಗ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ಮಾಸ್ತಮರಡಿ ಗೌಡರ ಮನೆಯ ಶಿವಲಿಂಗಪ್ಪನನ್ನು ದತ್ತು ತೆಗೆದುಕೊಂಡಿರುವುದಾಗಿ ಕಿತ್ತೂರಿನವರು ಹೇಳಿದರು. ಆ ದತ್ತಕವನ್ನು ಒಪ್ಪದೆ ಬೊಕ್ಕಸಕ್ಕೆ ಮೊಹರು ಹಾಕಿಸಿದವನು ಥ್ಯಾಕರೆ. ದೇಸಾಯಿ ಎಂಬ ಹೆಸರು ಮುಂದೆ ಯಾರಿಗೆ ಇಳಿಯಬೇಕು ಎಂಬುದೇ ಜಗಳವಾಯಿತು. 

ಗಂಡು ಸಂತಾನ ನಿಂತರೆ ಅಡ್ಡಹೆಸರು ಅಳಿಯುತ್ತದೆ ಎಂಬುದು ಬರೀ ಅರಮನೆಯ ಚಿಂತೆಯಲ್ಲ, ಗಣಿತದ ಪ್ರಶ್ನೆಯೂ ಹೌದು. ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 1873ರಲ್ಲಿ ಈ ಪ್ರಶ್ನೆಯನ್ನು ವಿದ್ವಾಂಸರ ಮುಂದಿಟ್ಟ: ಒಂದು ಅಡ್ಡಹೆಸರು ತಲೆಮಾರು ಕಳೆದಂತೆ ನಾಶವಾಗುವ ಸಂಭವ ಎಷ್ಟು? ಹೆನ್ರಿ ವಾಟ್ಸನ್ ಎಂಬ ಪಾದ್ರಿ ಅದಕ್ಕೆ ಲೆಕ್ಕ ಕಟ್ಟಿದ. ಆ ಲೆಕ್ಕವನ್ನೇ ಮುಂದೆ ವಿಜ್ಞಾನಿಗಳು ಅಣುಸರಣಿಗೂ ರೋಗ ಹರಡುವಿಕೆಗೂ ಬಳಸಿದರು. ನಮ್ಮ ಹಿರಿಯರಿಗೆ ಗೊತ್ತಿದ್ದ ಉಪಾಯ ಒಂದೇ, ದತ್ತಕ. ಸವದತ್ತಿ ತಾಲೂಕಿನ ಶಿರಸಂಗಿಯ ದೇಸಗತಿಗೆ ಗದಗ ಸೀಮೆಯ ಶಿಗ್ಲಿಯಿಂದ ಒಬ್ಬ ಹುಡುಗ ದತ್ತಕ ಬಂದ. 1861ರಲ್ಲಿ ಹುಟ್ಟಿದ ಆತ ಲಿಂಗರಾಜ ದೇಸಾಯಿಯಾಗಿ, 1904ರಲ್ಲಿ ವೀರಶೈವ ಮಹಾಸಭೆಯ ಮೊದಲ ಅಧಿವೇಶನದ ಅಧ್ಯಕ್ಷನಾಗಿ, ತನ್ನ ಆಸ್ತಿಯನ್ನೆಲ್ಲ ಮಕ್ಕಳ ಓದಿಗೆ ಬರೆದಿಟ್ಟು 1906ರಲ್ಲಿ ತೀರಿಕೊಂಡ. ಹೆಸರಿನ ಮುಂದಿನ ಶಿರಸಂಗಿಯೂ ಹಿಂದಿನ ದೇಸಾಯಿಯೂ ಅವನಿಗೆ ಹುಟ್ಟಿನಿಂದ ಬಂದದ್ದಲ್ಲ. ಇಂದು ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಓದುವ ಸಾವಿರಾರು ಮಕ್ಕಳಿಗೆ ಆ ಹೆಸರು ಗೊತ್ತು.

ದೇಸಾಯಿ ದೊಡ್ಡ ಹುದ್ದೆ. ಊರ ಮಟ್ಟದಲ್ಲಿ ಪಾಟೀಲ, ಕುಲಕರ್ಣಿ, ಚೌಗಲಾ, ತಳವಾರ, ವಾಲಿಕಾರ, ಜೋಶಿ. ಭೂಮಿಯ ಹಕ್ಕಿನಿಂದ ಇನಾಮದಾರ. ರಾಯಣ್ಣ ಕಿತ್ತೂರಿನ ಶೇತಸನದಿ, ಅಂದರೆ ಭೂಮಿ ಉಂಬಳಿ ಪಡೆದು ಊರು ಕಾಯುವ, ಕರೆ ಬಂದಾಗ ಯುದ್ಧಕ್ಕೆ ಹೋಗುವ ಬಂಟ. ಕವಿ ಬಿ.ಎ. ಸನದಿ ಅವರ ಹೆಸರಿನಲ್ಲಿ ಕೇಳಿಸುವ ‘ಸನದಿ’ ಬೆಳಗಾವಿ ಜಿಲ್ಲೆಯಲ್ಲಿ ಇಂದಿಗೂ ಹಲವು ಮನೆತನಗಳ ಅಡ್ಡಹೆಸರು. 1950ರ ಮುಂಬಯಿ ಸರ್ಕಾರದ ಕಾಯ್ದೆ ಪರಗಣೆಯ ಮತ್ತು ಕುಲಕರ್ಣಿಕೆಯ ವತನಗಳನ್ನು ರದ್ದು ಮಾಡಿತು. 1961ರ ಕಾಯ್ದೆ ಊರಿನ ವಂಶಪಾರಂಪರ್ಯ ಹುದ್ದೆಗಳನ್ನೆಲ್ಲ ತೆಗೆದುಹಾಕಿತು. ಹುದ್ದೆ ಹೋಗಿ ಅರವತ್ತು ವರ್ಷವಾದರೂ ಹೆಸರಿನ ಮರ್ಯಾದೆ ಹೋಗಿಲ್ಲ, ಅದರ ಹೊರೆಯೂ ಹೋಗಿಲ್ಲ. ಪಾಟೀಲ ಎಂದರೆ ಕುರ್ಚಿ ಕೊಡುವ, ಊರ ಚಾಕರಿಯ ಹೆಸರು ಕೇಳಿದರೆ ಮಾತಿನ ಧಾಟಿಯನ್ನೇ ಬದಲಿಸುವ ಚಾಳಿ ಇನ್ನೂ ಜೀವಂತವಿದೆ. ಅಡ್ಡಹೆಸರನ್ನು ಕೈಬಿಟ್ಟು ತಂದೆಯ ಹೆಸರಿನ ಒಂದಕ್ಷರ ಇಟ್ಟುಕೊಳ್ಳುವ ಓದಿದ ಯುವಕರ ನಿರ್ಧಾರವನ್ನು ಈ ಹಿನ್ನೆಲೆಯಲ್ಲಿ ಗೌರವದಿಂದ ನೋಡಬೇಕು.

ಹುದ್ದೆ ಮತ್ತು ಕಸುಬಿನ ಹೆಸರುಗಳು ಹಲವು ಕಡೆ ಸಂಖ್ಯೆಯಲ್ಲಿ ಮುಂದಿರುವುದಕ್ಕೂ ಒಂದು ಕಾರಣವಿದೆ. ಊರಿಗೊಬ್ಬ ಕಮ್ಮಾರ ಬೇಕೇ ಬೇಕು. ಹಾಗಾಗಿ ಆ ಹೆಸರು ಒಂದು ಕಡೆಯಲ್ಲ, ಸಾವಿರ ಊರುಗಳಲ್ಲಿ ಒಂದಕ್ಕೊಂದು ಸಂಬಂಧವಿಲ್ಲದೆ ಹುಟ್ಟುತ್ತದೆ. ಇಂಗ್ಲೆಂಡಿನಲ್ಲಿ ಅತಿ ಹೆಚ್ಚು ಜನರ ಅಡ್ಡಹೆಸರು ಸ್ಮಿತ್, ಅಂದರೆ ಕಮ್ಮಾರ. ಅಮೆರಿಕದಲ್ಲೂ ಅದೇ ಮೊದಲು. 2010ರ ಜನಗಣತಿಯಲ್ಲಿ 24 ಲಕ್ಷಕ್ಕೂ ಮೀರಿದ ಸ್ಮಿತ್‌ಗಳು ಸಿಕ್ಕರು. ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ ಹುಟ್ಟಿ ಜ್ಞಾನಪೀಠದವರೆಗೆ ನಡೆದ ಚಂದ್ರಶೇಖರ ಕಂಬಾರರೂ ಅರ್ಥಶಾಸ್ತ್ರದ ಆಡಂ ಸ್ಮಿತ್‌ನೂ ಹೆಸರಿನ ಲೆಕ್ಕದಲ್ಲಿ ಒಂದೇ ಕುಲುಮೆಯವರು. ಪಾಟೀಲರ ಸಂಖ್ಯೆಗೂ ಇದೇ ವಿವರಣೆ ಸಾಕು: ಪ್ರತಿ ಊರಿಗೂ ಒಂದು ಪಾಟೀಲಕಿ, ಪ್ರತಿ ಪಾಟೀಲಕಿಗೂ ಅಣ್ಣತಮ್ಮಂದಿರ ಪಾಲು. ಆದ್ದರಿಂದ ಇಬ್ಬರು ಪಾಟೀಲರು ಭೇಟಿಯಾದರೆ ಬಂಧುಗಳಾಗಬೇಕಿಲ್ಲ. ದೂರದ ಊರಲ್ಲಿ ಇಬ್ಬರು ನೇಗಿನಹಾಳದವರು ಭೇಟಿಯಾದರೆ ನಾಲ್ಕು ಮಾತಿನೊಳಗೆ ಪರಿಚಯದ ಮನೆ ಸಿಗುತ್ತದೆ. ಭಾರತದ ಜನಗಣತಿ ಅಡ್ಡಹೆಸರುಗಳ ಎಣಿಕೆಯನ್ನು ಪ್ರಕಟಿಸುವುದಿಲ್ಲ. ಅದಕ್ಕಾಗಿ ಇಲ್ಲಿ ಕೆಲಸಕ್ಕೆ ಬರುವುದು ಮತದಾರರ ಪಟ್ಟಿ. ಒಂದು ಹಳ್ಳಿಯ ಪಟ್ಟಿ ಹಿಡಿದು ಕೂತರೆ ಓಣಿ ಓಣಿಗೆ ಅಡ್ಡಹೆಸರು ಹೇಗೆ ಬದಲಾಗುತ್ತದೆ ಎಂಬುದು ತಾನಾಗಿ ಹೊಳೆಯುತ್ತದೆ.

ಈ ಹೆಸರುಗಳಲ್ಲಿ ಹೆಣ್ಣುಮಕ್ಕಳು ಎಲ್ಲಿ? ಚೆನ್ನಮ್ಮ ಹುಟ್ಟಿದ್ದು ಕಾಕತಿಯಲ್ಲಿ, ಹೆಸರಾದದ್ದು ಕಿತ್ತೂರಿನಿಂದ. ಶಿವಾಜಿಯ ದಂಡಿಗೆ ಎದುರು ನಿಂತ ಮಲ್ಲಮ್ಮ ಸೋದೆಯ ಅರಸು ಮಗಳು, ಇತಿಹಾಸಕ್ಕೆ ಮಾತ್ರ ಬೆಳವಡಿ ಮಲ್ಲಮ್ಮ. ಗಂಡಸಿಗೆ ಬಿಟ್ಟ ಊರಿನ ಹೆಸರು ಉಳಿದರೆ ಹೆಂಗಸಿಗೆ ಸೇರಿದ ಊರಿನ ಹೆಸರು ಬಂದಿತು. ತವರಿನ ಗುರುತು ಅಳಿಸಿಹೋಯಿತು. ಮದುವೆಯ ನಂತರ ಆಧಾರ್ ಚೀಟಿ, ಬ್ಯಾಂಕ್ ಪಾಸ್‌ಬುಕ್ ತಿದ್ದಿಸಲು ಕಚೇರಿಗಳಿಗೆ ಅಲೆಯುವ ಇಂದಿನ ಹೆಣ್ಣುಮಕ್ಕಳ ಕಷ್ಟದ ಬೇರು ಇಲ್ಲಿದೆ.

ಮೈಸೂರು ಕಡೆಯವರಿಗೆ ಅಡ್ಡಹೆಸರು ಅಪರೂಪ, ಬೆಳಗಾವಿಯವರಿಗೆ ಕಡ್ಡಾಯ ಎನ್ನುವಷ್ಟು ರೂಢಿ. 1956ರ ನವೆಂಬರ್ 1ರವರೆಗೆ ಈ ಜಿಲ್ಲೆ ಮುಂಬಯಿ ಆಡಳಿತದಲ್ಲಿತ್ತು. ಭಾವೆ ಮನೆತನ ಆಳುತ್ತಿದ್ದ ರಾಮದುರ್ಗ ಸಂಸ್ಥಾನವೂ 1948ರಲ್ಲಿ ಮುಂಬಯಿಗೇ ಸೇರಿತು. ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಮೂರು ಮನೆಯ ಕ್ರಮ ಅಲ್ಲಿಯ ಶಾಲೆ, ಕಚೇರಿ, ಕೋರ್ಟುಗಳಲ್ಲಿ ನೆಲೆಯೂರಿತ್ತು. ಸಾಲಿಗೆ ಹೆಸರು ಹಚ್ಚುವ ದಿನ ಮಾಸ್ತರರು ಕೇಳಿ ಬರೆದುಕೊಂಡದ್ದೇ ಕಾಯಂ ಆಯಿತು. ತುರ್ಕಿಯಲ್ಲಿ 1934ರಲ್ಲಿ ಸರ್ಕಾರ ಕಾಯ್ದೆ ಮಾಡಿ ಮಾಡಿಸಿದ ಕೆಲಸವನ್ನು ಇಲ್ಲಿ ಮಾಸ್ತರರ ಲೇಖನಿ ಸದ್ದಿಲ್ಲದೆ ಮಾಡಿತು. ಅದೇ ಲೇಖನಿ ಇಂಗ್ಲಿಷಿನಲ್ಲಿ ಅಕ್ಷರ ಜೋಡಿಸುವಾಗ ಒಂದು ಊರನ್ನು ಹಲವು ಮಾಡಿತು. ಸವದತ್ತಿಯನ್ನು ಬ್ರಿಟಿಷರು ‘ಸೌಂದತ್ತಿ’ ಎಂದು ಬರೆದರು. ಹಾಗಾಗಿ ಪಾಸ್‌ಪೋರ್ಟಿನಲ್ಲಿ ಅಣ್ಣ ಸವದತ್ತಿ, ತಮ್ಮ ಸೌಂದತ್ತಿ ಆಗಿಬಿಡಬಹುದು. ಎರಡು ತಲೆಮಾರು ವಿದೇಶದಲ್ಲಿ ಕಳೆದರೆ ಅವರ ಮೊಮ್ಮಕ್ಕಳು ಥ್ಯಾಕರೆ, ಥ್ಯಾಕ್ರೇಗಳ ಹಾಗೆ ಎರಡು ಬೇರೆ ಮನೆತನಗಳೆಂದೇ ನಂಬಿಯಾರು.

ಥ್ಯಾಕರೆ ಎಂಬ ಕಾಗುಣಿತ ಭಾರತಕ್ಕೆ ಇನ್ನೊಂದು ದಾರಿಯಿಂದಲೂ ಬಂದಿದೆ. ಮರಾಠಿಯ ಸಮಾಜ ಸುಧಾರಕ, ಪತ್ರಕರ್ತ ಪ್ರಬೋಧನಕಾರ ಕೇಶವ ಸೀತಾರಾಮ ಠಾಕರೆ ಅವರು ‘ವ್ಯಾನಿಟಿ ಫೇರ್’ ಕಾದಂಬರಿಕಾರನ ಮೇಲಿನ ಅಭಿಮಾನದಿಂದ ತಮ್ಮ ಅಡ್ಡಹೆಸರನ್ನು ಇಂಗ್ಲಿಷಿನಲ್ಲಿ ಅವನಂತೆಯೇ ಬರೆಯತೊಡಗಿದರೆಂದು ಪ್ರಸಿದ್ಧಿ. ಅವರ ಮಗ ಬಾಳ ಠಾಕರೆ. ಹೀಗೆ ಯಾರ್ಕ್‌ಶೈರ್‌ನ ಮುಳುಗಿದ ಊರಿನ ಅಕ್ಷರಗಳು, ರಕ್ತಸಂಬಂಧ ಎಳ್ಳಷ್ಟೂ ಇಲ್ಲದೆ, ಮುಂಬಯಿಯ ಒಂದು ಮನೆತನದ ರುಜುವಿನಲ್ಲಿ ಕುಳಿತಿವೆ. ಒಂದೇ ಅಡ್ಡಹೆಸರು ಕಂಡ ಮಾತ್ರಕ್ಕೆ ಒಂದೇ ವಂಶವೆಂದು ಹೇಳಬಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು.

ಹೆಸರುಗಳನ್ನು ಇತಿಹಾಸದ ಆಧಾರವಾಗಿ ಓದಬಹುದು ಎಂದು ಕನ್ನಡಿಗರಿಗೆ ತೋರಿಸಿಕೊಟ್ಟವರಲ್ಲಿ ಶಂ.ಬಾ. ಜೋಶಿ ಮುಖ್ಯರು. 1896ರಲ್ಲಿ ಅವರು ಹುಟ್ಟಿದ್ದು ಸವದತ್ತಿ ತಾಲೂಕಿನ ಗುರ್ಲಹೊಸೂರಿನಲ್ಲಿ. ಊರಿನ ಹೆಸರುಗಳನ್ನೇ ಹಿಡಿದು ಕನ್ನಡ ನಾಡಿನ ಹಳೆಯ ಹರವನ್ನು ಗುರುತಿಸಲು ಹೊರಟ ಅವರ ‘ಎಡೆಗಳು ಹೇಳುವ ಕಂನಾಡ ಕಥೆ’ ಆ ದಾರಿಯ ದೊಡ್ಡ ಹೆಜ್ಜೆ. ಎಂ.ಎಂ. ಕಲಬುರ್ಗಿಯವರು ‘ಕನ್ನಡ ನಾಮವಿಜ್ಞಾನ’ ಬರೆದು ಅದನ್ನು ಶಾಸ್ತ್ರವಾಗಿ ಬೆಳೆಸಿದರು. ಸ್ವತಃ ವಿಜಯಪುರ ಜಿಲ್ಲೆಯಲ್ಲಿ ಹುಟ್ಟಿ ಕಲಬುರ್ಗಿ ಎಂಬ ಅಡ್ಡಹೆಸರು ಹೊತ್ತವರು ಅವರು.

ವಿದ್ವಾಂಸರಿಗಿಂತ ಬಹಳ ಮೊದಲೇ ಈ ಲೆಕ್ಕ ಇಟ್ಟವರು ಊರೂರು ತಿರುಗಿ ವಂಶಾವಳಿ ಹೇಳುವ ಹೆಳವರು. ಇಂಗ್ಲೆಂಡಿನಲ್ಲಿ 1538ರಿಂದ ಪ್ರತಿ ಚರ್ಚಿನಲ್ಲೂ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳನ್ನು ಬರೆದಿಡಬೇಕೆಂದು ಅಪ್ಪಣೆಯಾಯಿತು. ಅಡ್ಡಹೆಸರಿನ ಮೂಲ ಹುಡುಕುವ ಆಂಗ್ಲರು ಮೊದಲು ತೆರೆಯುವುದು ಆ ಕಡತಗಳನ್ನೇ. ಉತ್ತರ ಕರ್ನಾಟಕದಲ್ಲಿ ಆ ಕಡತ ಮನೆ ಬಾಗಿಲಿಗೇ ಬರುತ್ತಿತ್ತು. ಸುಗ್ಗಿ ಮುಗಿದ ಮೇಲೆ ಎತ್ತಿನ ಜೊತೆ ಬರುವ ಹೆಳವ ಮನೆತನದ ಹೊತ್ತಿಗೆ ಬಿಚ್ಚಿ, ಮೂಲಪುರುಷ ಯಾರು, ಯಾವ ಊರಿನಿಂದ ಬಂದ, ಯಾವ ಕವಲು ಎಲ್ಲಿ ಒಡೆಯಿತು, ಈ ಅಡ್ಡಹೆಸರು ಯಾವ ಕಾಲಕ್ಕೆ ಹತ್ತಿತು ಎಂದು ರಾಗವಾಗಿ ಹೇಳುತ್ತಿದ್ದ. ಕಳೆದ ಸಲ ಬಂದ ಮೇಲೆ ಹುಟ್ಟಿದ ಮಕ್ಕಳ ಹೆಸರು ಸೇರಿಸಿಕೊಂಡು, ಜೋಳವೋ ಬಟ್ಟೆಯೋ ಕೊಟ್ಟದ್ದು ಪಡೆದು ಮುಂದಿನ ಊರಿಗೆ ಹೋಗುತ್ತಿದ್ದ. ಹೆಳವರು ಬೆಳಗಾವಿ ಜಿಲ್ಲೆಯಲ್ಲಿ ಇಂದಿಗೂ ಇದ್ದಾರೆ. ತಾಳೆಗರಿಯಿಂದ ಕಾಗದಕ್ಕೆ, ಕಾಗದದಿಂದ ನೋಟ್‌ಬುಕ್ಕಿಗೆ ಅವರ ಹೊತ್ತಿಗೆಗಳು ಬದಲಾಗಿವೆ. ಅವುಗಳನ್ನು ಫೋಟೊ ತೆಗೆದು ಗಣಕಯಂತ್ರಕ್ಕೆ ಏರಿಸುವ ಕೆಲಸವೂ ನಡೆದಿದೆ. ಆದರೆ ಹೆಳವರ ಮಕ್ಕಳು ಬೇರೆ ಉದ್ಯೋಗ ಹಿಡಿಯುತ್ತಿದ್ದಾರೆ, ಪಟ್ಟಣ ಸೇರಿದ ಒಕ್ಕಲು ಮನೆಗಳ ಬಾಗಿಲು ಅವರಿಗೆ ಸಿಗುತ್ತಿಲ್ಲ. ಹಳ್ಳಿಯ ಮನೆಯಲ್ಲಿ ಇನ್ನೂ ಹಿರಿಯರಿದ್ದರೆ, ತಮ್ಮ ಮನೆತನದ ಹೆಳವ ಯಾವ ಊರಿನವನು, ಕೊನೆಯ ಸಲ ಬಂದದ್ದು ಯಾವಾಗ ಎಂದು ಮೊಮ್ಮಕ್ಕಳು ಈಗಲೇ ಕೇಳಿ ಬರೆದಿಟ್ಟುಕೊಳ್ಳಬೇಕು.